ಕಂಟ್ರೋಲ್ ಡ್ರೈವರ್ ಕೈಗೆ ಹತ್ತುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಡಿಸ್ಕ್ ಗಾಲ್ಫ್ ಅಂದರೆ ತಾಟಿನಂಥ ಡಿಸ್ಕನ್ನು ಎಸೆದು ದೂರದ ಬುಟ್ಟಿಗೆ ಹಾಕುವ ಆಟ. ವಿಜಯಪುರದಲ್ಲಿ ನನ್ನ ಜೊತೆ ಅದನ್ನು ಆಡುವವರು ಆರು ಜನ. ಅವರಲ್ಲಿ ನಾಲ್ವರು ಒಂದಲ್ಲ ಒಂದು ದಿನ ತಮ್ಮ ಕಂಟ್ರೋಲ್ ಡ್ರೈವರ್ ಡಿಸ್ಕನ್ನು ನನ್ನ ಕೈಗೆ ಕೊಟ್ಟು ಒಂದೇ ಮಾತು ಹೇಳಿದ್ದಾರೆ: "ಅಣ್ಣಾ, ಇದು ಕೈಗೆ ಹತ್ತವಲ್ದು. ಬ್ಯಾರೆ ಯಾವುದು ತಗೊಳ್ಳಲಿ?"

ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಒಂದೂವರೆ ವರ್ಷ ಕಳೆದೆ. ಟೀಬರ್ಡ್ ಅನ್ನುವ ಡಿಸ್ಕ್ ಬೇಗ ಎಡಕ್ಕೆ ಬೀಳುತ್ತದೆ ಅಂತ ಲೆಪರ್ಡ್ ಅನ್ನುವ ಇನ್ನೊಂದನ್ನು ತರಿಸಿದೆ. ಅದೂ ಎಡಕ್ಕೇ ಬಿತ್ತು. ಸೈಡ್‌ವೈಂಡರ್ ತರಿಸಿದೆ. ಅದು ಒಂದು ದಿನ ಬಲಕ್ಕೆ ಹೊರಳಿ ಹೊಲದ ಒಡ್ಡು ದಾಟಿತು, ಮರುದಿನ ಎಡಕ್ಕೆ ಬಿತ್ತು. ಮೂರೂ ಡಿಸ್ಕ್ ಚೆನ್ನಾಗಿಯೇ ಇದ್ದವು. ನಾನು ಎಸೆಯುವಾಗ ಡಿಸ್ಕಿನ ಮುಂದಿನ ಅಂಚು, ನಾವು ಮೂತಿ ಅನ್ನುತ್ತೇವೆ, ಮೇಲಕ್ಕೆ ಎದ್ದಿರುತ್ತಿತ್ತು. ಅದೊಂದೇ ದೋಷ ಎಲ್ಲ ಡಿಸ್ಕಿನ ಗುಣವನ್ನೂ ಮುಚ್ಚಿಹಾಕಿತ್ತು.

ನಮ್ಮ ಕಡೆ ಡಿಸ್ಕ್ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅಂಗಡಿ ನನಗೆ ಸಿಕ್ಕಿಲ್ಲ. ದೂರದಿಂದ ತರಿಸಬೇಕು, ಬೆಲೆಯೂ ಜಾಸ್ತಿ. ಹಾಗಾಗಿ ಹೊಸದು ತರಿಸುವ ಮೊದಲು ಇರುವ ಡಿಸ್ಕನ್ನೇ ಸರಿಯಾಗಿ ಪರೀಕ್ಷೆ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಅದನ್ನು ನಾವು ಹೇಗೆ ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್, ಅಂದರೆ ಎದೆಯ ಮುಂದಿನಿಂದ ಹೊರಕ್ಕೆ ಬೀಸಿ, ಎಸೆಯುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನೀವು ಎಡಗೈಯವರಾದರೆ, ಅಥವಾ ಬಲಗೈಯಲ್ಲಿ ಫೋರ್‌ಹ್ಯಾಂಡ್, ಅಂದರೆ ಮೈಯ ಪಕ್ಕದಿಂದ ಅಂಗೈ ಮುಂದಾಗಿ ಬೀಸಿ, ಎಸೆಯುವವರಾದರೆ, ಎಡ ಅಂದಲ್ಲಿ ಬಲ ಅಂತ ಓದಿಕೊಳ್ಳಿ.

ಡಿಸ್ಕಿನ ಮೇಲಿನ ನಾಲ್ಕು ಅಂಕಿ

ಕಂಟ್ರೋಲ್ ಡ್ರೈವರ್ ಅಂದರೆ ಮಧ್ಯಮ ದೂರದ ಮಿಡ್‌ರೇಂಜಿಗಿಂತ ವೇಗದ, ಅತಿ ದೂರದ ಡಿಸ್ಟನ್ಸ್ ಡ್ರೈವರಿಗಿಂತ ಸಾವಧಾನದ ಡಿಸ್ಕ್. ಫೇರ್‌ವೇ ಡ್ರೈವರ್ ಅಂತಲೂ ಕರೆಯುತ್ತಾರೆ. ಅಗಲ ಸುಮಾರು 21 ಸೆಂ.ಮೀ., ಒಂದು ಸಣ್ಣ ತಾಟಿನಷ್ಟು. ಹಿಡಿಯುವ ಅಂಚಿನ ದಪ್ಪ 1.6ರಿಂದ 1.9 ಸೆಂ.ಮೀ. ಆಸುಪಾಸು.

ಡಿಸ್ಕಿನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿ ಇರುತ್ತವೆ: ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಸ್ಪೀಡ್ ಅಂದರೆ ಆ ಡಿಸ್ಕ್ ತನ್ನ ಗುಣ ತೋರಿಸಲು ಎಷ್ಟು ವೇಗ ಬೇಡುತ್ತದೆ ಎಂಬ ಲೆಕ್ಕ. ಕಂಟ್ರೋಲ್ ಡ್ರೈವರಿಗೆ ಇದು 6ರಿಂದ 9. ಗ್ಲೈಡ್ ಅಂದರೆ ಗಾಳಿಯಲ್ಲಿ ತೇಲುವ ಶಕ್ತಿ. ಟರ್ನ್ ಅಂದರೆ ವೇಗ ಇರುವಾಗ ಬಲಕ್ಕೆ ಎಷ್ಟು ವಾಲುತ್ತದೆ ಎಂಬುದು. ಮೈನಸ್ ಜಾಸ್ತಿಯಾದಷ್ಟೂ ಬಲಕ್ಕೆ ಜಾಸ್ತಿ. ಫೇಡ್ ಅಂದರೆ ವೇಗ ಇಳಿದ ಮೇಲೆ ಎಡಕ್ಕೆ ಎಷ್ಟು ಎಳೆಯುತ್ತದೆ ಎಂಬುದು.

ಇನೋವಾ ಕಂಪನಿಯ ಲೆಪರ್ಡ್ 6, 5, ಮೈನಸ್ 2, 1. ಟೀಬರ್ಡ್ 7, 5, 0, 2. ಥಂಡರ್‌ಬರ್ಡ್ 9, 5, 0, 2. ಫೈರ್‌ಬರ್ಡ್ 9, 3, 0, 4. ಸೈಡ್‌ವೈಂಡರ್ 9, 5, ಮೈನಸ್ 3, 1. ಈ ಐದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಂಟ್ರೋಲ್ ಡ್ರೈವರ್‌ಗಳ ಇಡೀ ಊರು ಕಣ್ಣಿಗೆ ಬೀಳುತ್ತದೆ. ಎಲ್ಲಕ್ಕೂ ಒಂದೇ ಹೆಸರಿನ ಗುಂಪು, ಆದರೆ ಫೈರ್‌ಬರ್ಡ್‌ಗೂ ಸೈಡ್‌ವೈಂಡರ್‌ಗೂ ಎತ್ತಣಿಂದೆತ್ತ ಸಂಬಂಧ ಅನ್ನುವಷ್ಟು ವ್ಯತ್ಯಾಸ.

ಎಡ ಬಲ ವಾಲುವುದು ಯಾಕೆ ಅಂತ ತಿಳಿದರೆ ದೋಷ ಹುಡುಕುವುದು ಅರ್ಧ ಮುಗಿದಂತೆ. ಸೈಕಲ್ ಗಾಲಿಯನ್ನು ಕಳಚಿ, ಇರಚಿನ ಎರಡೂ ತುದಿ ಹಿಡಿದು ಜೋರಾಗಿ ತಿರುಗಿಸಿ. ಈಗ ಗಾಲಿಯನ್ನು ಒಂದು ಕಡೆಗೆ ಬಾಗಿಸಲು ನೋಡಿ. ನೀವು ಬಾಗಿಸಿದ ಕಡೆ ಹೋಗದೆ ಅದು ಅಡ್ಡಕ್ಕೆ ಹೊರಳುತ್ತದೆ. ತಿರುಗುವ ವಸ್ತುವಿನ ಗುಣವೇ ಅದು. ಡಿಸ್ಕೂ ಹಾಗೇ. ವೇಗ ಇಳಿದಾಗ ಗಾಳಿ ಅದರ ಮುಂಭಾಗವನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಆ ಒತ್ತು ಮೂತಿಯಲ್ಲಿ ಕಾಣದೆ ಎಡಕ್ಕೆ ವಾಲುವುದರಲ್ಲಿ ಕಾಣುತ್ತದೆ. ವೇಗ ಜಾಸ್ತಿ ಇದ್ದಾಗ ಎತ್ತುವ ಬಲ ಹಿಂಭಾಗಕ್ಕೆ ಸರಿಯುತ್ತದೆ, ಆಗ ಬಲಕ್ಕೆ ವಾಲುತ್ತದೆ. ಗಿರಕಿ ನಿಂತುಹೋಗುವುದರಿಂದ ಡಿಸ್ಕ್ ಎಡಕ್ಕೆ ಬೀಳುತ್ತದೆ ಅಂತ ನಾನು ಬಹಳ ದಿನ ನಂಬಿದ್ದೆ. ಹಾರುವ ಆ ಕೆಲವೇ ಸೆಕೆಂಡಿನಲ್ಲಿ ಗಿರಕಿ ಅಷ್ಟೇನೂ ಕಡಿಮೆಯಾಗುವುದಿಲ್ಲ. ಇಳಿಯುವುದು ಮುಂದೆ ಹೋಗುವ ವೇಗ.

ಪರೀಕ್ಷೆ ಮಾಡುವ ಜಾಗ ಮತ್ತು ಹೊತ್ತು

ನಮ್ಮ ಪರೀಕ್ಷೆಯ ಮೈದಾನ ನಮ್ಮದೇ ಹೊಲ. ಹಿಂಗಾರಿ ಜೋಳದ ರಾಶಿ ಮುಗಿದ ಮೇಲೆ, ಅಂದರೆ ಮಾರ್ಚಿನಿಂದ ಮಳೆ ಬೀಳುವವರೆಗೆ, ಎರಿ ಹೊಲ ಖಾಲಿ ಇರುತ್ತದೆ. ಕಣ್ಣು ಹಾಯುವವರೆಗೆ ಬಯಲು. ಒಂದೇ ತೊಂದರೆ, ಎರಿ ಮಣ್ಣು ಬಿರುಕು ಬಿಟ್ಟಿರುತ್ತದೆ. ಡಿಸ್ಕ್ ನೆಟ್ಟಗೆ ಬಿರುಕಿನಲ್ಲಿ ಇಳಿದರೆ ಹುಡುಕುವುದು ಕಷ್ಟ. ಕರಿ, ಕಂದು, ಹಸಿರು ಬಣ್ಣದ ಡಿಸ್ಕ್ ನಮ್ಮ ಹೊಲಕ್ಕೆ ಬೇಡವೇ ಬೇಡ. ಕೇಸರಿ ಅಥವಾ ಗುಲಾಬಿ ತಗೊಳ್ಳಿ.

ಬೆಳಗ್ಗೆ ಆರರಿಂದ ಏಳೂವರೆ ಒಳಗೆ ಎಸೆಯಿರಿ. ಬಿಸಿಲು ಏರಿದ ಮೇಲೆ ಬಯಲಲ್ಲಿ ಗಾಳಿ ಏಳುತ್ತದೆ. ಒಂದು ಹಿಡಿ ಹೊಟ್ಟನ್ನು ಎದೆಮಟ್ಟದಿಂದ ಬಿಡಿ. ನೆಟ್ಟಗೆ ಕಾಲ ಬಳಿ ಬಿದ್ದರೆ ಪರೀಕ್ಷೆ ಶುರು ಮಾಡಬಹುದು. ಒಂದು ಮಾರು ಆಚೆ ಹೋದರೆ ಆ ದಿನ ಸುಮ್ನೆ ಆಡಿ, ಪರೀಕ್ಷೆ ಬೇಡ. ರಾಶಿ ತೂರುವವನಿಗೆ ಗಾಳಿ ಬೇಕು, ನಮಗೆ ಗಾಳಿ ಇಲ್ಲದ ಹೊತ್ತು ಬೇಕು.

ದೂರದಲ್ಲಿ ಒಂದು ಗುರಿ ಇರಲಿ. ನಮಗೆ ಒಡ್ಡಿನ ಮೇಲಿನ ಬೇವಿನ ಗಿಡ. ಒಂದೇ ಡಿಸ್ಕನ್ನು ಆರು ಸಲ ಎಸೆಯಿರಿ. ಪ್ರತಿ ಸಲ ಬಿದ್ದ ಜಾಗದಲ್ಲಿ ಒಂದು ಜೋಳದ ದಂಟು ನೆಡಿ. ಪೂರ್ತಿ ಜೋರು ಹಾಕಬೇಡಿ, ಹತ್ತರಲ್ಲಿ ಏಳು ಪಾಲು ಸಾಕು. ಪಕ್ಕದಿಂದ ಒಬ್ಬರು ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಲಿ. ಈ ವಿಡಿಯೋ ಇಲ್ಲದೆ ದೋಷ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ. ನನ್ನ ಮೂತಿ ದೋಷ ಕಂಡುಹಿಡಿದವನು ನನ್ನ ಅಣ್ಣನ ಮಗ. ವಿಡಿಯೋ ನಿಲ್ಲಿಸಿ, ಬೆರಳಿಟ್ಟು ತೋರಿಸಿದ. "ಕಾಕಾ, ಇಲ್ಲಿ ನೋಡ್ರಿ. ಕೈ ಬಿಡೂಮುಂದನ ಮೂತಿ ಮ್ಯಾಲ ಎದ್ದೈತಿ." ಅವನಿಗೆ ಆಗ ಹದಿನಾಲ್ಕು ವರ್ಷ.

ದೋಷ: ಏರುತ್ತಲೇ ಹೋಗಿ ಎಡಕ್ಕೆ ಬೀಳುವುದು

ಹತ್ತು ದೂರಿನಲ್ಲಿ ಏಳು ಇದೇ ಇರುತ್ತವೆ ಅಂತ ನನ್ನ ಅನುಭವ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಲಕ್ಷಣ ಹೀಗಿರುತ್ತದೆ. ಡಿಸ್ಕ್ ಕೈಬಿಟ್ಟಾಗ ನೆಟ್ಟಗೇ ಹೋಗುತ್ತದೆ. ಅರ್ಧ ದಾರಿ ದಾಟಿದರೂ ಏರುವುದು ನಿಲ್ಲಿಸುವುದಿಲ್ಲ. ಆಮೇಲೆ ಗಾಳಿಪಟದ ದಾರ ಕಡಿದಂತೆ ಒಮ್ಮೆ ನಿಂತು, ಎಡಕ್ಕೆ ವಾಲಿ, ಕಡಿದಾಗಿ ಇಳಿಯುತ್ತದೆ. ಬಿದ್ದ ಮೇಲೆ ಜಾರುವುದಿಲ್ಲ, ಮಣ್ಣಿಗೆ ಅಂಚು ಚುಚ್ಚಿ ನಿಲ್ಲುತ್ತದೆ. ದಂಟುಗಳೆಲ್ಲ ಗುರಿಯ ಎಡಕ್ಕೆ ಒಂದೇ ಕಡೆ ಗುಂಪಾಗಿರುತ್ತವೆ.

ಇಲ್ಲಿ ಎರಡು ಕಾರಣ ಇರಬಹುದು. ಮೂತಿ ಮೇಲಿರುವುದು ಒಂದು. ಡಿಸ್ಕ್ ಬೇಡುವಷ್ಟು ವೇಗ ಕೈಯಲ್ಲಿ ಇಲ್ಲದಿರುವುದು ಇನ್ನೊಂದು. ಎರಡೂ ಎಡಕ್ಕೇ ಬೀಳಿಸುತ್ತವೆ, ಆದರೆ ಔಷಧ ಬೇರೆ ಬೇರೆ. ಬಿಡಿಸಿ ನೋಡಲು ಎರಡು ಉಪಾಯ ಇವೆ.

ಮೊದಲನೆಯದು ಎತ್ತರ. 60–70 ಮೀಟರ್ ಹೋಗುವ ಒಳ್ಳೆಯ ಎಸೆತ ಎರಡು ಮೂರು ಆಳೆತ್ತರ ಏರಿದರೆ ಸಾಕು. ಅದಕ್ಕಿಂತ ಬಹಳ ಮೇಲೆ ಹೋಗುತ್ತಿದ್ದರೆ ಮೂತಿಯನ್ನೇ ಅನುಮಾನಿಸಿ. ತಗ್ಗಿನಲ್ಲೇ ಹಾರಿಯೂ ಬೇಗ ಎಡಕ್ಕೆ ಹೋದರೆ ಕೈಯ ವೇಗ ಸಾಲದು ಅಂತ ಅರ್ಥ.

ಎರಡನೆಯದು ಪಟರ್ ಪರೀಕ್ಷೆ. ಇದು ನನಗೆ ಬಹಳ ಇಷ್ಟದ ಪರೀಕ್ಷೆ, ಯಾಕೆಂದರೆ ಸುಳ್ಳು ಹೇಳುವುದಿಲ್ಲ. ಅದೇ ಬೀಸಿನಲ್ಲಿ ಒಂದು ಪಟರ್, ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕುವ ನಿಧಾನದ ಡಿಸ್ಕ್, ಎಸೆಯಿರಿ. ಡ್ರೈವರ್ 60 ಮೀಟರ್, ಪಟರ್ 55 ಮೀಟರ್ ಹೋದರೆ ಡ್ರೈವರಿನಿಂದ ನಿಮಗೆ ಸಿಗಬೇಕಾದದ್ದು ಸಿಗುತ್ತಿಲ್ಲ ಅಂತ ಆಯಿತು. ಪಟರಿನ ಅಂಚು ದುಂಡಗೆ, ಮೊಂಡು. ಅದು ಸ್ವಲ್ಪ ಮೂತಿ ಎದ್ದರೂ ಸಹಿಸಿಕೊಳ್ಳುತ್ತದೆ. ಡ್ರೈವರಿನ ಚೂಪು ಅಂಚು ಸಹಿಸುವುದಿಲ್ಲ. ಹಳೆಯ ಡಿಸ್ಕ್‌ಗಳೆಲ್ಲ ಮೊಂಡು ಅಂಚಿನವೇ. 1983ರಲ್ಲಿ ಅಮೆರಿಕದ ಡೇವ್ ಡನಿಪೇಸ್ ಅಂಚನ್ನು ಇಳಿಜಾರು ಮಾಡಿ ಚೂಪಾಗಿಸಿದ ಡಿಸ್ಕ್ ತಂದರು. ಆಗಿನಿಂದ ಡಿಸ್ಕ್ ಗಾಳಿಯನ್ನು ಸೀಳಿಕೊಂಡು ದೂರ ಹೋಗತೊಡಗಿತು. ಜೊತೆಗೆ ಮೂತಿಯ ಕೋನ ತಪ್ಪಿದರೆ ದಂಡವೂ ಜಾಸ್ತಿಯಾಯಿತು.

ಮೂತಿ ಇಳಿಸುವುದು ಹೇಗೆ? ತಂಬಿಗೆಯ ಹೊಟ್ಟೆ ಹಿಡಿದು ಪಕ್ಕದವರ ಕೈಗೆ ನೀರು ಬಗ್ಗಿಸುವಾಗ ಮಣಿಕಟ್ಟು ಹೆಬ್ಬೆರಳಿನ ದಿಕ್ಕಿನಿಂದ ಕಿರುಬೆರಳಿನ ದಿಕ್ಕಿಗೆ ಇಳಿಯುತ್ತದಲ್ವಾ, ಅದೇ ಚಲನೆ. ಡಿಸ್ಕ್ ಹಿಡಿದು ಮಣಿಕಟ್ಟನ್ನು ಹಾಗೆ ಸ್ವಲ್ಪ ಇಳಿಸಿ, ಬೀಸು ಮುಗಿಯುವವರೆಗೂ ಅಲ್ಲೇ ಇರಿಸಿ. ಹೆಬ್ಬೆರಳನ್ನು ಡಿಸ್ಕಿನ ನಡುವಿನ ಕಡೆಗೆ ಜಾಸ್ತಿ ಚಾಚಬೇಡಿ, ಅಂಚಿನ ಹತ್ತಿರ ಒತ್ತಿ ಹಿಡಿಯಿರಿ. ಡಿಸ್ಕ್ ಅಂಗೈಯ ಅಡ್ಡ ಗೆರೆಯಲ್ಲಿ ಕೂರಲಿ. ಎಸೆಯುವಾಗ ಹಿಂದಿನ ಕಾಲಿನ ಮೇಲೆ ಭಾರ ಉಳಿದರೂ ಮೂತಿ ಏಳುತ್ತದೆ. ಹಾಗಾಗಿ ಓಡಿ ಬರುವುದನ್ನು ಬಿಟ್ಟು ನಿಂತಲ್ಲಿಂದಲೇ ಎಸೆದು, ಭಾರ ಮುಂದಿನ ಕಾಲಿಗೆ ಬಂತೇ ಅಂತ ನೋಡಿ. ನನಗೆ ಇದು ಸರಿಹೋಗಲು ಐದು ವಾರ ಹಿಡಿಯಿತು. ಸರಿಹೋದ ದಿನ ಅದೇ ಹಳೆಯ ಟೀಬರ್ಡ್ 12 ಮೀಟರ್ ಜಾಸ್ತಿ ಹೋಯಿತು. ಹೆಜ್ಜೆ ಹಾಕಿ ಮೂರು ಸಲ ಅಳೆದೆ. ಆ ಬೆಳಗ್ಗೆಯ ಸಂತೋಷ ಇನ್ನೂ ನೆನಪಿದೆ.

ಮೂತಿ ಸರಿ ಇದ್ದು ವೇಗವೇ ಸಾಲದಿದ್ದರೆ ಡಿಸ್ಕ್ ಬದಲಿಸುವುದರಲ್ಲಿ ಅರ್ಥ ಇದೆ. ಒರಟು ಲೆಕ್ಕ ಹೇಳುವುದಾದರೆ, ಸ್ಪೀಡ್ 7ರ ಡಿಸ್ಕ್ ತನ್ನ ಅಂಕಿಯಂತೆ ಹಾರಲು 75–90 ಮೀಟರ್ ಎಸೆಯುವ ಕೈ ಬೇಕು. ಸ್ಪೀಡ್ 9ಕ್ಕೆ 90ರಿಂದ 100. ನೀವು 55 ಮೀಟರ್ ಎಸೆಯುವವರಾದರೆ ಥಂಡರ್‌ಬರ್ಡ್ ನಿಮ್ಮ ಕೈಯಲ್ಲಿ ಬರೀ ಎಡಕ್ಕೆ ಹೋಗುವ ಡಿಸ್ಕ್. ಲೆಪರ್ಡ್ ನೆಟ್ಟಗೆ ಹೋಗುತ್ತದೆ. ಲ್ಯಾಟಿಟ್ಯೂಡ್ 64 ಕಂಪನಿಯ ರಿವರ್ ಕೂಡ ಒಳ್ಳೆಯದು: 7, 7, ಮೈನಸ್ 1, 1. ಗ್ಲೈಡ್ 7 ಇರುವುದರಿಂದ ಕಡಿಮೆ ಜೋರಿನಲ್ಲೂ ತೇಲುತ್ತದೆ. ತೂಕವೂ ಕಡಿಮೆ ಇರಲಿ, 160 ಗ್ರಾಂ ಒಳಗೆ. ಹಗುರ ಡಿಸ್ಕ್ ಸುಲಭವಾಗಿ ಬಲಕ್ಕೆ ಒಲಿಯುತ್ತದೆ. ನಿಯಮದ ಮಿತಿ ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ. ಅಂದರೆ 21.2 ಸೆಂ.ಮೀ. ಡಿಸ್ಕಿಗೆ ಸುಮಾರು 176 ಗ್ರಾಂ. ಭಾರ ಇದ್ದರೇ ಒಳ್ಳೆಯದು ಅಂತ 175 ಗ್ರಾಮಿನದೇ ಬೇಕು ಅನ್ನುವವರು ಇದ್ದಾರೆ. ಹೊಸಬರಿಗೆ ಅದು ಬೇಕಿಲ್ಲ.

ಇನ್ನೊಂದು ಮಾತು. ವಿಡಿಯೋಗಳಲ್ಲಿ ನೋಡಿದಂತೆ ನಿಮ್ಮ ಡಿಸ್ಕ್ ಬಲಕ್ಕೆ ತಿರುಗುತ್ತಿಲ್ಲ ಅಂತ ಬೇಸರ ಬೇಡ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ಸಮುದ್ರ ದಂಡೆಗಿಂತ ಶೇ. 7ರಷ್ಟು ತೆಳು. ವಿಜಯಪುರ, ಬಾಗಲಕೋಟೆ ಅದಕ್ಕಿಂತ ತಗ್ಗು, ಆದರೆ ಬೇಸಿಗೆಯ ಕಾವಿನಲ್ಲಿ ಅಲ್ಲೂ ಗಾಳಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ಡಿಸ್ಕ್ ಸ್ವಲ್ಪ ಕಡಿಮೆ ತೇಲುತ್ತದೆ, ಸ್ವಲ್ಪ ಜಾಸ್ತಿ ಎಡಕ್ಕೆ ಒಲಿಯುತ್ತದೆ. ವ್ಯತ್ಯಾಸ ಸಣ್ಣದು. ಮೂತಿ ದೋಷದ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ದೋಷ: ಬಲಕ್ಕೆ ಹೊರಳಿ ನೆಲಕ್ಕೆ ಬಡಿಯುವುದು

ಇದು ಬೆಳಗಾವಿಯವರ ದೂರು. ನಾನು ಮಳೆಗಾಲದಲ್ಲಿ ಟಿಳಕವಾಡಿಯಲ್ಲಿರುವ ಅಣ್ಣನ ಮನೆಗೆ ಹೋದಾಗೆಲ್ಲ ಕೇಳುತ್ತೇನೆ. ವಿಜಯಪುರದಲ್ಲಿ ನೆಟ್ಟಗೆ ಹೋದ ಡಿಸ್ಕ್ ಅಲ್ಲಿ ಬಲಕ್ಕೆ ಹೊರಳುತ್ತದೆ. ಇಲ್ಲಿ ಮೂರು ಕಾರಣ ಇರಬಹುದು: ಎದುರು ಗಾಳಿ, ಕೈಯ ಅಲುಗಾಟ, ಸವೆದ ಅಂಚು.

ಗಾಳಿಯನ್ನು ಮೊದಲು ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಸಹ್ಯಾದ್ರಿ ದಾಟಿ ಬರುವ ಪಡುವಣ ಗಾಳಿ ಬೆಳಗಾವಿಯಲ್ಲಿ ಬಿಡುವಿಲ್ಲದೆ ಬೀಸುತ್ತದೆ. ನೀವು ಗಂಟೆಗೆ 80 ಕಿ.ಮೀ. ವೇಗದಲ್ಲಿ ಎಸೆದಿರಿ ಅಂತ ಇಟ್ಟುಕೊಳ್ಳಿ. ಎದುರಿನಿಂದ 18 ಕಿ.ಮೀ. ಗಾಳಿ ಬರುತ್ತಿದೆ. ಡಿಸ್ಕಿಗೆ ತಗಲುವ ಗಾಳಿಯ ವೇಗ 98. ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ. ಹಾಗಾಗಿ ಬಲ ಒಂದೂವರೆ ಪಟ್ಟು ಆಗುತ್ತದೆ. ಡಿಸ್ಕ್ ಅಂದುಕೊಳ್ಳುವುದು, ನನ್ನನ್ನು ಬಹಳ ಜೋರಾಗಿ ಎಸೆದಿದ್ದಾರೆ ಅಂತ. ಅದಕ್ಕೆ ಬಲಕ್ಕೆ ವಾಲುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ ತಗಲುವ ವೇಗ 62. ಬಲ ನೂರಕ್ಕೆ 60 ಮಾತ್ರ. ಆಗ ಡಿಸ್ಕ್ ತೇಲುವುದನ್ನು ಬಿಟ್ಟು ಬೇಗ ಎಡಕ್ಕೆ ಬೀಳುತ್ತದೆ. ಒಂದೇ ಡಿಸ್ಕ್, ಒಂದೇ ಕೈ, ಒಂದೇ ದಿನ. ಮೈದಾನದ ಈ ತುದಿಯಿಂದ ಬಲಕ್ಕೆ, ಆ ತುದಿಯಿಂದ ಎಡಕ್ಕೆ. ಡಿಸ್ಕ್ ಮೊಂಡು ಹಿಡಿದಿದೆ ಅಂತ ನಮಗೆ ಅನಿಸುತ್ತದೆ. ಎರಡೂ ತುದಿಯಿಂದ ಮೂರು ಮೂರು ಎಸೆದು ನೋಡಿದರೆ ಗುಟ್ಟು ಬಯಲಾಗುತ್ತದೆ.

ಗಾಳಿ ಇಲ್ಲದಾಗಲೂ ಬಲಕ್ಕೆ ಹೊರಳಿದರೆ ಕೈ ನೋಡಿ. ವಿಡಿಯೋದಲ್ಲಿ ಡಿಸ್ಕ್ ಕೈಬಿಟ್ಟ ತಕ್ಷಣ ಜೋರು ಇಳಿದ ಬುಗುರಿಯಂತೆ ತೂಗಾಡುತ್ತದೆಯೇ? ತೂಗಾಡಿದರೆ ಕೈ ಡಿಸ್ಕನ್ನು ಒಂದು ಸಮತಲದಲ್ಲಿ ಎಳೆದಿಲ್ಲ. ಎದೆಯ ಮಟ್ಟದಲ್ಲಿ ಶುರುವಾಗಿ ಭುಜದ ಮೇಲೆ ಮುಗಿಯುತ್ತಿರಬಹುದು. ಇಲ್ಲವೇ ಕೊನೆಯ ಕ್ಷಣದಲ್ಲಿ ಅಂಗೈ ಮೇಲಕ್ಕೆ ಹೊರಳುತ್ತಿರಬಹುದು. ಇದೇ ಬೀಸಿನಲ್ಲಿ ಮಿಡ್‌ರೇಂಜ್ ಎಸೆಯಿರಿ. ಅದೂ ತೂಗಾಡಿ ಬಲಕ್ಕೆ ಹೋದರೆ ದೋಷ ಕೈಯದು. ಫೈರ್‌ಬರ್ಡ್ ತಂದರೆ ಅದು ತೂಗಾಟವನ್ನು ಮುಚ್ಚಿಹಾಕುತ್ತದೆ, ಡಿಸ್ಕ್ ಬಲಕ್ಕೆ ಹೋಗುವುದೂ ನಿಲ್ಲುತ್ತದೆ. ಆದರೆ ದೋಷ ಹಾಗೇ ಉಳಿದು ಬೇರೂರುತ್ತದೆ. ನಾನು ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಕೈಯ ದೋಷಕ್ಕೆ ಓವರ್‌ಸ್ಟೇಬಲ್, ಅಂದರೆ ಎಡಕ್ಕೇ ಎಳೆಯುವ, ಡಿಸ್ಕನ್ನು ಪಟ್ಟಿ ಕಟ್ಟಬೇಡಿ. ಹೊರ ಅಂಚನ್ನು ಸ್ವಲ್ಪ ಕೆಳಗೆ ವಾಲಿಸಿ, ಅಂದರೆ ಹೈಝರ್‌ನಲ್ಲಿ, ಅರ್ಧ ಜೋರಿನಲ್ಲಿ ಎರಡು ವಾರ ಎಸೆಯಿರಿ. ತೂಗಾಟ ತಾನಾಗಿ ಕಡಿಮೆಯಾಗುತ್ತದೆ.

ಮೂರನೆಯದು ಸವೆತ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಅಂಚಿನ ಸುತ್ತ ಆಡಿಸಿ. ಜೋಳದ ಕೂಳೆಗೆ, ಬೆಳಗಾವಿಯ ಕೆಂಪು ಜಂಬಿಟ್ಟಿಗೆ ಬಡಿದು ಬಡಿದು ಅಂಚು ಒರಟಾಗಿದ್ದರೆ ಡಿಸ್ಕಿನ ಟರ್ನ್ ಬದಲಾಗಿದೆ ಅಂತಲೇ ತಿಳಿಯಿರಿ. ಸವೆದಷ್ಟೂ ಡಿಸ್ಕ್ ಬಲಕ್ಕೆ ಒಲಿಯುತ್ತದೆ. ಡಿಎಕ್ಸ್‌ನಂಥ ಅಗ್ಗದ ಪ್ಲಾಸ್ಟಿಕ್ ಬೇಗ ಸವೆಯುತ್ತದೆ. ಸ್ಟಾರ್, ಚಾಂಪಿಯನ್‌ನಂಥವು ಬಹಳ ಕಾಲ ತಾಳುತ್ತವೆ. ಸವೆದ ಡಿಸ್ಕನ್ನು ಎಸೆದುಬಿಡಬೇಡಿ. ನೆಟ್ಟಗೆ ಹೋಗುತ್ತಿದ್ದ ಟೀಬರ್ಡ್ ಸವೆದ ಮೇಲೆ, ಬಲಕ್ಕೆ ಬಾಗುವ ದಾರಿಗೆ ಅದಕ್ಕಿಂತ ಒಳ್ಳೆಯ ಡಿಸ್ಕ್ ಇಲ್ಲ.

ದೋಷ: ಶುರುವೇ ತಪ್ಪು ದಿಕ್ಕಿಗೆ

ಡಿಸ್ಕ್ ಗುರಿಯ ಬಲಕ್ಕೋ ಎಡಕ್ಕೋ ಹೊರಟು, ಅದೇ ಗೆರೆಯಲ್ಲಿ ಚೆಂದವಾಗಿ ಹಾರುತ್ತದೆ. ಇಲ್ಲಿ ಡಿಸ್ಕ್ ಬದಲಿಸುವ ಮಾತೇ ಇಲ್ಲ. ತಡವಾಗಿ ಬಿಟ್ಟರೆ ಬಲಕ್ಕೆ, ಬೇಗ ಜಾರಿದರೆ ಎಡಕ್ಕೆ. ಬೆವರಿದ ಕೈ, ಮಳೆಯ ಕೈ ಎಡಕ್ಕೆ ಜಾರಿಸುತ್ತದೆ. ಸೊಂಟಕ್ಕೆ ಒಂದು ಟವೆಲ್ ಸಿಕ್ಕಿಸಿಕೊಳ್ಳಿ, ಪ್ರತಿ ಎಸೆತಕ್ಕೂ ಡಿಸ್ಕಿನ ಅಂಚು ಒರೆಸಿ. ಎರಿ ಮಣ್ಣು ಹಸಿಯಾದಾಗ ಅಂಚಿನ ಒಳಗೆ ಮೆತ್ತಿಕೊಂಡು ಕೂರುತ್ತದೆ, ತೂಕವನ್ನೂ ಕೆಡಿಸುತ್ತದೆ.

ದೋಷ: ದಿನಕ್ಕೊಂದು ಬಗೆ

ಡಿಸ್ಕ್ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ ಹಾರಿದರೆ ಮೊದಲು ಅದನ್ನು ಕಡಪಾ ಕಲ್ಲಿನ ಕಟ್ಟೆಯ ಮೇಲೆ ಬೋರಲು ಇಡಿ. ಅಂಚು ಪೂರ್ತಿ ಕಲ್ಲಿಗೆ ತಾಗಬೇಕು. ಎಲ್ಲಾದರೂ ಬೆಳಕು ಇಣುಕಿದರೆ ಸೊಟ್ಟಗಾಗಿದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದಕ್ಕಿಂತ ಬಹಳ ಜಾಸ್ತಿ. ಮಧ್ಯಾಹ್ನ ಅಲ್ಲಿ ಬಿಟ್ಟ ಡಿಸ್ಕ್ ಸಂಜೆಗೆ ಹಪ್ಪಳದ ಹಾಗೆ ಆಗಿರುತ್ತದೆ. ಸ್ನಾನದ ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ, ಕೈಯಿಂದ ಸಮ ಮಾಡಿ, ಸಪಾಟು ಕಲ್ಲಿನ ಮೇಲೆ ಒಂದು ರಾತ್ರಿ ಭಾರ ಹೇರಿಡಿ. ಬಹಳ ಸಲ ಸರಿಹೋಗುತ್ತದೆ. ಕುದಿಯುವ ನೀರು ಬೇಡ.

ಹೊಸ ಡಿಸ್ಕಿನ ಅಂಚಿನ ಕೆಳಗೆ ಅಚ್ಚಿನ ಪ್ಲಾಸ್ಟಿಕ್ ಗೆರೆ ಉಳಿದಿರುವುದೂ ಉಂಟು. ಬೆರಳಿಗೆ ಚುಚ್ಚಿ ಹಿಡಿತ ಕೆಡಿಸುತ್ತದೆ. ನಯವಾದ ಉಪ್ಪು ಕಾಗದದಲ್ಲಿ ಹಗುರವಾಗಿ ಉಜ್ಜಬಹುದು. ಅಚ್ಚಿನ ದೋಷ ತೆಗೆಯುವಷ್ಟು ಉಜ್ಜಲು ಆಟದ ನಿಯಮವೂ ಒಪ್ಪುತ್ತದೆ. ಹಾರಾಟ ಬದಲಿಸಲೆಂದು ಉಜ್ಜಲು ಒಪ್ಪುವುದಿಲ್ಲ.

ಒಂದೇ ಹೆಸರಿನ ಎರಡು ಡಿಸ್ಕ್ ಇದ್ದು, ಒಂದೊಂದು ದಿನ ಒಂದೊಂದು ಎಸೆಯುತ್ತಿದ್ದರೂ ಹೀಗೇ ಆಗುತ್ತದೆ. ಹೆಸರು ಒಂದೇ ಆದರೂ ಪ್ಲಾಸ್ಟಿಕ್ ಬೇರೆ, ತೂಕ ಬೇರೆ ಇದ್ದರೆ ಹಾರಾಟ ಬೇರೆ. ಕೆಳಗೆ ಮಾರ್ಕರ್ ಪೆನ್ನಿನಲ್ಲಿ 1, 2 ಅಂತ ಬರೆದುಕೊಳ್ಳಿ.

ಈಗ ನೆಚ್ಚಿನದನ್ನು ಆರಿಸುವುದು

ಇಷ್ಟು ಆದ ಮೇಲೆ ಉಳಿದದ್ದು ಡಿಸ್ಕಿನ ನಿಜವಾದ ಗುಣ. ಈಗ ಎರಡು ಮೂರು ಡಿಸ್ಕ್ ಸಾಲಾಗಿ ಇಟ್ಟು ಪರೀಕ್ಷೆ ಮಾಡಿ. ಗೆಳೆಯರ ಡಿಸ್ಕ್ ಕೇಳಿ ತನ್ನಿ. ಒಂದೊಂದನ್ನೂ ಮೂವತ್ತು ಸಲ, ಮೂರು ಬೆಳಗ್ಗೆಗೆ ಹಂಚಿ ಎಸೆಯಿರಿ. ದಂಟು ನೆಡುತ್ತಾ ಹೋಗಿ.

ಹೆಚ್ಚಿನವರು ಇಲ್ಲಿ ನೋಡುವುದು ಅತಿ ದೂರ ಹೋದ ಎಸೆತವನ್ನು. ನಾನು ಅದನ್ನು ಬಿಟ್ಟು ಅತಿ ಕೆಟ್ಟ ಹತ್ತು ಎಸೆತಗಳನ್ನು ನೋಡುತ್ತೇನೆ. ಚೆನ್ನಾಗಿ ಎಸೆದಾಗ ಯಾವ ಡಿಸ್ಕಾದರೂ ಚೆನ್ನಾಗಿಯೇ ಹಾರುತ್ತದೆ. ಕೈ ತಪ್ಪಿದಾಗ ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿ ಡಿಸ್ಕಿನ ನಂಬಿಕೆ ಇದೆ. ನನ್ನ ಲೆಪರ್ಡಿನ ಹತ್ತು ಕೆಟ್ಟ ಎಸೆತಗಳಲ್ಲಿ ಆರು ಬಲಕ್ಕೆ, ನಾಲ್ಕು ಎಡಕ್ಕೆ ಬಿದ್ದಿದ್ದವು. ಅತಿ ದೂರ ಹೋದದ್ದೂ ಅದೇ ಲೆಪರ್ಡ್. ಟೀಬರ್ಡಿನ ಹತ್ತೂ ಕೆಟ್ಟ ಎಸೆತ ಎಡಕ್ಕೆ, ಒಂದು ಎತ್ತಿನ ಬಂಡಿ ನಿಲ್ಲುವಷ್ಟು ಜಾಗದೊಳಗೆ. ನಾನು ಗುರಿಯಿಂದ ಮೂರು ಮೀಟರ್ ಬಲಕ್ಕೆ ನೋಡಿ ಎಸೆದರೆ ಆಯಿತು, ಅದರ ತಪ್ಪೂ ಗುರಿಯ ಹತ್ತಿರವೇ ಬರುತ್ತದೆ. ಎರಡೂ ಕಡೆ ತಪ್ಪುವ ಡಿಸ್ಕಿಗೆ ಹೀಗೆ ಮಾಡಲು ಆಗುವುದಿಲ್ಲ. ಬೇವಿನ ಗಿಡ ಎಡಕ್ಕೆ, ಬಾವಿ ಬಲಕ್ಕೆ ಇರುವ ದಾರಿಯಲ್ಲಿ ನಿಂತಾಗ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ಗೊತ್ತಾಗುತ್ತದೆ.

ಅಣ್ಣನ ಮಗ ಇದೇ ಪರೀಕ್ಷೆ ಮಾಡಿ ಲೆಪರ್ಡ್ ಇಟ್ಟುಕೊಂಡ. ಅವನ ಕೈ 50 ಮೀಟರಿನದು. ಅಷ್ಟು ವೇಗಕ್ಕೆ ಲೆಪರ್ಡ್ ಬಲಕ್ಕೆ ಹೊರಳುವುದಿಲ್ಲ, ಅವನ ತಪ್ಪುಗಳೆಲ್ಲ ಎಡಕ್ಕೇ ಬಿದ್ದವು. ಅವನ ಮಟ್ಟಿಗೆ ಲೆಪರ್ಡೇ ಟೀಬರ್ಡ್. ಒಂದೇ ಪರೀಕ್ಷೆ, ಎರಡು ಕೈ, ಎರಡು ಉತ್ತರ. ಅವನ ಕೈ ಬಲಿತಾಗ ಉತ್ತರ ಬದಲಾಗುತ್ತದೆ, ಆಗ ಮತ್ತೆ ಎಸೆಯಬೇಕು.

ಬೆಳಗಾವಿಯ ಮಳೆಗಾಲಕ್ಕೆ ಮಾತ್ರ ನಾನು ಬೇರೆ ಡಿಸ್ಕ್ ಒಯ್ಯುತ್ತೇನೆ, ಥಂಡರ್‌ಬರ್ಡ್, 173 ಗ್ರಾಂ. ಎದುರು ಗಾಳಿಯಲ್ಲಿ ಅದು ವಿಜಯಪುರದ ಬೆಳಗಿನ ಟೀಬರ್ಡಿನಂತೆಯೇ ಹಾರುತ್ತದೆ. ಹೊಟ್ಟು ಬಿಟ್ಟರೆ ನಾಲ್ಕು ಮಾರು ಹಾರುವಂಥ ಗಾಳಿಗೆ ಫೈರ್‌ಬರ್ಡ್ ತೆಗೆಯುತ್ತೇನೆ, ದೂರದ ಆಸೆ ಬಿಟ್ಟು. ಆದರೆ ವರ್ಷದಲ್ಲಿ ಹತ್ತು ತಿಂಗಳು ಕೈಯಲ್ಲಿರುವುದು ಟೀಬರ್ಡ್ ಒಂದೇ.

ಆರಿಸಿದ ಮೇಲೆ ಅದೇ ಹೆಸರು, ಅದೇ ಪ್ಲಾಸ್ಟಿಕ್, ಅದೇ ತೂಕದ ಇನ್ನೊಂದನ್ನು ತರಿಸಿ ಎತ್ತಿಡಿ. ನನ್ನ ಎರಡನೆಯ ಟೀಬರ್ಡ್ ಟ್ರಂಕಿನಲ್ಲಿ ಅಮ್ಮನ ಇಳಕಲ್ ಸೀರೆಗಳ ಕೆಳಗೆ ಸಪಾಟಾಗಿ ಮಲಗಿದೆ, 172 ಗ್ರಾಂ, ಹಿಂಬದಿಯಲ್ಲಿ ತರಿಸಿದ ತಾರೀಖು. ವರ್ಷಕ್ಕೊಮ್ಮೆ, ರಾಶಿ ಮುಗಿದ ವಾರ, ಅದನ್ನು ಹೊರಗೆ ತೆಗೆದು ಹಳೆಯದರ ಪಕ್ಕ ಐದು ಸಲ ಎಸೆಯುತ್ತೇನೆ. ಹೋದ ಸಲ ಹಳೆಯದು ಹೊಸದಕ್ಕಿಂತ ನಾಲ್ಕು ಹೆಜ್ಜೆ ಬಲಕ್ಕೆ ಬಿತ್ತು. ಈ ಮಾರ್ಚಿನಲ್ಲಿ ಆರು ಹೆಜ್ಜೆ ದಾಟಿದರೆ ಹಳೆಯದು ಅಣ್ಣನ ಮಗನಿಗೆ ಹೋಗುತ್ತದೆ. ಅವನು ಈಗಾಗಲೇ ಕೇಳಿಟ್ಟಿದ್ದಾನೆ.